ಕಮಲಾಪುರದ ನಾಲ್ಕು ಕಂಪ್ಯೂಟರುಗಳು

ನಮ್ಮ ಊರಿನ ರೋಜಾ ಬಡಾವಣೆಯಲ್ಲಿ ಆಪಾ ಅವರ ಮನೆ. ಆಪಾ ಎಂದರೆ ಅಕ್ಕ. ಓಣಿಯ ಎಲ್ಲರೂ ಹಾಗೇ ಕರೆಯುತ್ತಿದ್ದರಿಂದ ನಾನೂ ಹಾಗೇ ಕರೆದೆ. ಮಹಡಿ ಮೇಲಿನ ಸಣ್ಣ ಕೋಣೆಯಲ್ಲಿ ಅವರು ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತಿದ್ದರು. ಹೆಂಗಸರ ಕಡೆಯ ವಿಡಿಯೊ ಹೊರಗಿನ ಗಂಡಸರ ಕೈಗೆ ಹೋಗಬಾರದು ಎನ್ನುವ ಮನೆಗಳು ನಮ್ಮ ಊರಲ್ಲಿ ಬಹಳ. ಅವರೆಲ್ಲ ಆಪಾ ಹತ್ತಿರವೇ ಬರುತ್ತಿದ್ದರು. ನಾನು ಸೇಡಂ ರಸ್ತೆಯ ಒಂದು ಸ್ಟುಡಿಯೊದಲ್ಲಿ ಕ್ಯಾಮೆರಾ ಕಲಿತಿದ್ದೆ. ಹೆಂಗಸರ ಕಡೆ ಚಿತ್ರ ತೆಗೆಯಲು ಹೆಂಗಸೇ ಬೇಕು ಎಂದು ಆಪಾ ಹುಡುಕುತ್ತಿದ್ದಾಗ ಯಾರೋ ನನ್ನ ಹೆಸರು ಹೇಳಿದರು. ಹೀಗೆ ನಾನು ತೆಗೆಯುವವಳು, ಅವರು ಜೋಡಿಸುವವರು ಆದೆವು. ಆರು ವರ್ಷ ಹಾಗೇ ನಡೆದುಕೊಂಡು ಬಂತು.

ಆ ಕೋಣೆಯ ಕಿಟಕಿ ಪಕ್ಕ ಒಂದು ಮುದಿ ಕಂಪ್ಯೂಟರ್ ಇತ್ತು. ಯಾವುದೋ ಕಚೇರಿಯವರು ಬೇಡವೆಂದು ಹರಾಜು ಹಾಕಿದಾಗ ಆಪಾ ತಂದಿಟ್ಟುಕೊಂಡದ್ದು. ಅದನ್ನು ಚಾಲೂ ಮಾಡಿ ಕೆಳಗೆ ಹೋಗಿ ಚಹಾ ಮಾಡಿಕೊಂಡು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ಪ್ರತಿ ವಿಡಿಯೊವನ್ನೂ ಅದರಲ್ಲಿ ಹಾಕಿ, ಮೊದಲಿನಿಂದ ಕೊನೆಯ ತನಕ ಕೂತು ನೋಡಿ, ಆಮೇಲೇ ಕೊಡುತ್ತಿದ್ದರು. ಎರಡು ತಾಸಿನ ನಿಕಾಹ್ ಇದ್ದರೆ ಎರಡು ತಾಸೂ ಕೂರುತ್ತಿದ್ದರು.

"ಯಾಕ್ರಿ ಆಪಾ, ಇಷ್ಟು ತ್ರಾಸ?" ಎಂದು ಒಮ್ಮೆ ಕೇಳಿದೆ.

ಅವರು ಒಬ್ಬ ಮದುಮಗಳ ಕಥೆ ಹೇಳಿದರು. ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಮದುವೆಯ ಡಿಸ್ಕ್ ಮಾಡಿಕೊಟ್ಟಿದ್ದರಂತೆ. ಹುಡುಗಿ ಗಂಡನ ಊರಿಗೆ ಹೋದಳು. ಏಳು ತಿಂಗಳ ಮೇಲೆ ಹೆರಿಗೆಗೆಂದು ತವರಿಗೆ ಬಂದವಳು ಆ ಡಿಸ್ಕನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮಹಡಿ ಹತ್ತಿ ಬಂದಳು. ಅತ್ತೆಯ ಮನೆಯ ಕಂಪ್ಯೂಟರಿನಲ್ಲಿ ಅದು ಓಡಿಯೇ ಇರಲಿಲ್ಲ. ಹೊಸ ಸೊಸೆ, ಹೇಳಲು ನಾಚಿಕೆ. ಹಾಗೇ ಕಪಾಟಿನಲ್ಲಿ ಇಟ್ಟುಕೊಂಡಿದ್ದಳು.

"ಆ ಹುಡುಗಿ ತನ್ನ ಮದಿವಿನೇ ನೋಡಿದ್ದಿಲ್ಲ" ಎಂದರು ಆಪಾ. "ನನ್ನ ಕಂಪ್ಯೂಟರ್‌ದಾಗ ಚಂದ ಓಡಿತ್ತು. ನಾ ಖುಷಿ ಆಗಿ ಕೊಟ್ಟಿದ್ದೆ. ನನ್ನ ಖುಷಿ ತಗೊಂಡು ಆಕಿ ಏನ್ ಮಾಡ್ಬೇಕು?"

ಅದಾದ ಮೇಲೆ ಬಂದದ್ದು ಆ ಮುದಿ ಕಂಪ್ಯೂಟರ್. ನಾನು ಕಥೆಯನ್ನು ಕೇಳಿದೆ, ಒಪ್ಪಿದೆ. ಆದರೆ ಅದು ನನ್ನ ಮೈಗೆ ಹತ್ತಿರಲಿಲ್ಲ. ಹತ್ತಿದ್ದು ಕಮಲಾಪುರದಲ್ಲಿ.

ಕಮಲಾಪುರದ ಕೆಂಪು ಬಾಳೆಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಬಾಳೆ ಬೆಳೆಯುವ ಹೆಂಗಸರದೊಂದು ಸಂಘ. ಅದರ ಕಾರ್ಯದರ್ಶಿ ಶಾಲೆಯ ಶಿಕ್ಷಕಿ, ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಅವರು ಒಂದು ದಿನ ನನಗೆ ಫೋನ್ ಮಾಡಿ, ಕೆಂಪು ಬಾಳೆ ಹಚ್ಚುವುದು, ಅಂದರೆ ನೆಡುವುದು, ಹೇಗೆ ಎಂಬುದರ ಮೇಲೆ ಇಪ್ಪತ್ತು ನಿಮಿಷದ ಚಿತ್ರ ಬೇಕು ಎಂದರು. ಸುತ್ತಲಿನ ಊರುಗಳ ಶಾಲೆ, ಗ್ರಂಥಾಲಯಗಳ ಕಂಪ್ಯೂಟರಿನಲ್ಲಿ ಹಾಕಿ ಹೆಂಗಸರಿಗೆ ತೋರಿಸುವುದು ಅವರ ವಿಚಾರ. ಚಿತ್ರದಲ್ಲಿ ಮಾತಾಡುವವರು ಒಬ್ಬರೇ, ಎಲ್ಲರೂ ಆಯಿ ಎಂದು ಕರೆಯುವ ಒಬ್ಬ ಮುದುಕಿ.

ಆಯಿಗೆ ಎಪ್ಪತ್ತು ದಾಟಿರಬೇಕು. ಕೆಂಪು ಮಣ್ಣಿನ ಹೊಲದಲ್ಲಿ ಬರಿಗಾಲಲ್ಲಿ ನಡೆಯುತ್ತ, ಗಿಡದ ಬುಡ ನೋಡಿ ಅದರ ಆರೋಗ್ಯ ಹೇಳುತ್ತಿದ್ದರು. ಬಾಳೆಯ ಬುಡದಲ್ಲಿ ಹುಟ್ಟುವ ಮರಿಗೆ ಕಂದು ಎನ್ನುತ್ತಾರೆ. ಅದರಲ್ಲಿ ಎರಡು ಜಾತಿ. ಕತ್ತಿ ಕಂದಿನ ಎಲೆ ಸಣ್ಣಗೆ, ಚೂಪಾಗಿ ಇರುತ್ತದೆ, ಬುಡ ದಪ್ಪ. ಹಚ್ಚಲು ಅದೇ ಬೇಕು. ನೀರು ಕಂದಿನ ಎಲೆ ಅಗಲ, ನೋಡಲು ಸೊಂಪು, ಆದರೆ ಬುಡದಲ್ಲಿ ಜೀವ ಇರುವುದಿಲ್ಲ. ಆಯಿ ಎರಡನ್ನೂ ಕಿತ್ತು ತೋರಿಸಿದರು. ನಾನು ಕ್ಯಾಮೆರಾ ಸರಿಮಾಡಿಕೊಂಡು, "ಆಯಿ, ಇನ್ನೊಮ್ಮೆ ಕೀಳ್ರಿ" ಎಂದೆ.

"ಕಿತ್ತಿದ್ದು ಮತ್ತ ಹ್ಯಾಂಗ ಕೀಳ್ಲಿ ಯವ್ವಾ? ನೀ ಮೊದಲೇ ನೋಡ್ಬೇಕಿತ್ತು" ಎಂದು ಮುಂದಿನ ಗಿಡಕ್ಕೆ ಹೋದರು. ಆ ದಿನವಿಡೀ ಅವರು ನನಗಾಗಿ ನಿಲ್ಲಲಿಲ್ಲ. ನಾನೇ ಅವರ ಹಿಂದೆ ಓಡಿದೆ. ಅಂಥ ಚೆಂದದ ಕೆಲಸವನ್ನು ನಾನು ಅಲ್ಲಿಯವರೆಗೆ ಕ್ಯಾಮೆರಾದಲ್ಲಿ ಹಿಡಿದಿರಲಿಲ್ಲ. ಕುಡಗೋಲಿನಿಂದ ಬೇರು ಸವರುವಾಗ ಅವರ ಬೆರಳುಗಳು ನೋಡಿಕೊಂಡು ಸವರುವಂತೆ ಇರಲಿಲ್ಲ. ಕಣ್ಣು ನನ್ನ ಮೇಲೆ, ಮಾತು ನನ್ನ ಜೊತೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಇದು ಮದುವೆಯ ಚಿತ್ರ ಅಲ್ಲವಾದ್ದರಿಂದ ಈ ಸಲ ಎಡಿಟಿಂಗನ್ನೂ ನಾನೇ ಮಾಡುವೆ ಎಂದು ಆಪಾಗೆ ಹೇಳಿದೆ. ಅವರು ಸಂತೋಷದಿಂದ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ನಾನು ಆಗಷ್ಟೇ ಹೊಸ ಕ್ಯಾಮೆರಾ ಕೊಂಡಿದ್ದೆ. ಅದರ ಚಿತ್ರದಲ್ಲಿ ಆಯಿಯ ಕೈಯ ಗೆರೆಗಳಲ್ಲಿ ಕೂತ ಮಣ್ಣೂ ಕಾಣುತ್ತಿತ್ತು. ಅದರ ಒಂದು ಕೂದಲೆಳೆಯೂ ಕೊಂಕದಂತೆ, ಅತಿ ದೊಡ್ಡ ಅಳತೆಯಲ್ಲಿ, ಹೊಸದಾಗಿ ಬಂದ ವಿಧಾನದಲ್ಲಿ ಫೈಲ್ ತಯಾರು ಮಾಡಿದೆ. ಅಷ್ಟರಲ್ಲಿ ಆಪಾ ಬಂಧುಗಳ ಮನೆಯ ಮದುವೆಗೆ ಬೀದರಿಗೆ ಹೋಗಿದ್ದರು. "ಬಂದ ಮ್ಯಾಲ ಹಳೀದ್ರಾಗ ಹಾಕಿ ನೋಡೋಣು, ಅಲ್ಲೀತನ ಕೊಡಬ್ಯಾಡ" ಎಂದು ಹೇಳಿ ಹೋಗಿದ್ದರು. ಅಕ್ಕೋರು ಮಾತ್ರ ಸಭೆ ಕರೆದಾಗಿದೆ, ಹೆಂಗಸರು ಬರುತ್ತಾರೆ ಎಂದು ಅವಸರ ಮಾಡಿದರು. ನನಗೂ ತೋರಿಸುವ ಆಸೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಕಮಲಾಪುರದ ಬಸ್ ಹತ್ತಿದೆ.

ಸಂಘದ ಕೋಣೆಯಲ್ಲಿ ನಲವತ್ತು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಸಭೆ ಮುಗಿದ ಮೇಲೆ ಹಂಚಲೆಂದು ಬಾಗಿಲ ಬಳಿ ಹಸಿ ಗೋಣಿಚೀಲದಲ್ಲಿ ಕಂದುಗಳನ್ನು ಸುತ್ತಿಟ್ಟಿದ್ದರು. ಆಯಿಯನ್ನು ಮುಂದೆ ಕುರ್ಚಿಯ ಮೇಲೆ ಕೂರಿಸಿದ್ದರು. ಕುರ್ಚಿ ಅವರಿಗೆ ಒಗ್ಗುತ್ತಿರಲಿಲ್ಲ. ಅಕ್ಕೋರು ಸಂಘದ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿ ಫೈಲ್ ತೆರೆದರು.

ಆಯಿಯ ದನಿ ಬಂತು. ಚಿತ್ರ ಬರಲಿಲ್ಲ. ಪರದೆ ಕಪ್ಪಗೆ, ಒಳಗೆ ಮಾತ್ರ ಆಯಿ ಕಂದುಗಳ ಬಗ್ಗೆ ಹೇಳುತ್ತಿದ್ದಾರೆ.

"ಆಯಿ ಎಲ್ಲಿ ಹೋದ್ರು?" ಎಂದು ಹಿಂದಿನಿಂದ ಯಾರೋ ಕೇಳಿದರು. ನಗು ಎದ್ದಿತು. ನಾನು ಮುಚ್ಚಿ ತೆರೆದೆ. ಮತ್ತೆ ದನಿ, ಮತ್ತೆ ಕಪ್ಪು. ಅಕ್ಕೋರು ವೈರ್‌ಗಳನ್ನು ಬಿಚ್ಚಿ ಹಾಕಿದರು. ಇನ್ನೇನು ನಿಲ್ಲಿಸಿಬಿಡಬೇಕು ಎಂದು ನಾನು ಕೈ ಚಾಚಿದಾಗ ಆಯಿ ಕುರ್ಚಿಯಿಂದ ಎದ್ದರು.

"ನಿಲ್ಲಸಬ್ಯಾಡ ಯವ್ವಾ. ದನಿ ಬರ್ಲಾಕತ್ತದಲ, ಬರ್ಲಿ ಬಿಡು. ಮದ್ಲಿಂದ ಹಚ್ಚು."

ಬಾಗಿಲ ಬಳಿ ಹೋಗಿ ಗೋಣಿಚೀಲ ಬಿಚ್ಚಿ ಒಂದು ಕಂದು ಎತ್ತಿಕೊಂಡು ಬಂದರು. ಯಾರೋ ಕುಡಗೋಲು ಕೊಟ್ಟರು. ಕಪ್ಪು ಪರದೆಯ ಮುಂದೆ ಚಾಪೆಯ ಮೇಲೆ ಕೂತು, ಸ್ಪೀಕರಿನಲ್ಲಿ ತಮ್ಮದೇ ದನಿ ಹೇಳಿದ್ದನ್ನು ಆಯಿ ಕೈಯಲ್ಲಿ ಮಾಡಿ ತೋರಿಸತೊಡಗಿದರು. ದನಿ "ಬುಡ ನೋಡ್ರಿ" ಎಂದರೆ ಕಂದು ತಿರುಗಿಸಿ ಬುಡ ತೋರಿಸಿದರು. "ಬೇರು ಸವರ್ರಿ" ಎಂದರೆ ಸವರಿದರು. ಒಂದು ಕಡೆ ದನಿ ಮುಂದೆ ಓಡಿ ಕೈ ಹಿಂದೆ ಉಳಿಯಿತು. ಆಯಿ ಸ್ಪೀಕರಿನ ಕಡೆ ತಿರುಗಿ, "ತಡಿ, ಎಷ್ಟು ಅವಸರ ಮಾಡ್ತಿ! ಬೇರು ಇನ್ನೂ ಅದಾವ" ಎಂದು ತಮ್ಮ ದನಿಯನ್ನೇ ಬೈದರು. ಕೋಣೆ ನಕ್ಕಿತು, ನಾನೂ ನಕ್ಕೆ. ಇಪ್ಪತ್ತು ನಿಮಿಷ ಯಾರೂ ಎದ್ದು ಹೋಗಲಿಲ್ಲ. ಮುಗಿದಾಗ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಂದು ಹಿಡಿದು ನೋಡಿದರು.

ಸಭೆ ಹಾಳಾಗಲಿಲ್ಲ. ಅದನ್ನು ಉಳಿಸಿದ್ದು ಮಾತ್ರ ನಾನಲ್ಲ. ಬಸ್ಸಿನಲ್ಲಿ ಕೂತಾಗ ನನಗೆ ನಗುವಿನ ಜೊತೆ ಅಳುವೂ ಬಂತು.

ಆಪಾ ಬೀದರಿನಿಂದ ಬಂದ ದಿನವೇ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಆಯಿಗಿ ಸಿಟ್ಟು ಬಂತೇನು?" ಎಂದು ಕೇಳಿದರು.

"ಇಲ್ರಿ. ನಕ್ರು."

"ಹಂಗಾದ್ರ ಆ ಆಯಿನ ನಾ ನೋಡ್ಬೇಕು." ಆಮೇಲೆ, "ಅವರ ಕಂಪ್ಯೂಟರ್ ಎಂಥಾದು ಅದ?" ಎಂದರು.

"ನೋಡಿದ್ದಿಲ್ರಿ."

"ನೋಡಲಾರ್ದೆ ಹ್ಯಾಂಗ ಕೊಟ್ಟಿ?" ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ಅದಕ್ಕೇ ಹೆಚ್ಚು ನೋವಾಯಿತು.

ವಿಡಿಯೊ ನೋಡಲು ಬೇರೆ ಪ್ಲೇಯರ್ ಹಾಕಿಕೊಳ್ಳಿ ಎಂದು ಅಕ್ಕೋರಿಗೆ ಹೇಳಿದರಾಯಿತು ಎಂದೆ. ಆಪಾ ತಲೆ ಅಲ್ಲಾಡಿಸಿದರು. "ನಕ್ಕೋ, ಬ್ಯಾಡ, ಹಂಗ ಅನಬ್ಯಾಡ. ಊಟಕ್ಕ ನಾವೇ ಕರದು, ತಾಟು ನೀವು ತರ್ರಿ ಅಂತೇವೇನು? ಅವರಿಗಿ ಬರೇ ಒತ್ತಿದ್ರ ಕಾಣ್ಬೇಕು. ಉಳಿದಿದ್ದು ನಮ್ಮ ಕೆಲಸ."

ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದರು. ವಿಡಿಯೊ ಎಂದರೆ ಬಹಳ ದೊಡ್ಡ ಸಾಮಾನು. ಅದನ್ನು ಒತ್ತಿ, ಮಡಚಿ, ಸಣ್ಣದು ಮಾಡಿ ಗಂಟು ಕಟ್ಟುತ್ತೇವೆ. ನೋಡುವವರ ಕಂಪ್ಯೂಟರಿಗೆ ಆ ಗಂಟು ಬಿಚ್ಚಲು ಬರಬೇಕು. ನನ್ನದು ಹೊಸ ಬಗೆಯ ಗಂಟು. ಸಂಘದ ಕಂಪ್ಯೂಟರಿಗೆ ದನಿಯ ಗಂಟು ಬಿಚ್ಚಲು ಬಂತು, ಚಿತ್ರದ್ದು ಬರಲಿಲ್ಲ. ಎಷ್ಟೋ ವರ್ಷದಿಂದ ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಒಂದು ಗಂಟು ಇದೆ, ಅದನ್ನೇ ಕಟ್ಟಬೇಕು. ಇಷ್ಟೇ ವಿಷಯ. ಆದರೆ ಆಪಾ ಅಷ್ಟಕ್ಕೆ ಬಿಡಲಿಲ್ಲ. "ನನ್ನ ಹಳೀದ್ರಾಗ ಓಡಿದ್ರ ಕಮಲಾಪುರದಾಗ ಓಡ್ತದಂತ ಹ್ಯಾಂಗ ಹೇಳ್ಲಿ? ಹೋಗೇ ನೋಡೋಣು" ಎಂದರು.

ಕೆಲಸಕ್ಕೆಂದು ಆಪಾ ಊರು ಬಿಟ್ಟು ಹೋದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬುರ್ಖಾದ ಮೇಲೆ ಒಂದು ಬ್ಯಾಗು, ಬ್ಯಾಗಿನಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್‌ಡ್ರೈವ್. ಅದರಲ್ಲಿ ನನ್ನ ಚಿತ್ರದ ಒಂದೇ ನಿಮಿಷದ ತುಣುಕನ್ನು ಐದು ರೀತಿಯಲ್ಲಿ ಕಟ್ಟಿ, ನಾನಿಟ್ಟ ಹೆಸರಿನ ಮುಂದೆ ಒಂದರಿಂದ ಐದರವರೆಗೆ ನಂಬರು ಕೊಟ್ಟು ಇಟ್ಟುಕೊಂಡಿದ್ದರು. ಎಲ್ಲ ಕಂಪ್ಯೂಟರಿನಲ್ಲಿ ಯಾವ ನಂಬರು ಸರಿಯಾಗಿ ಓಡುತ್ತದೋ ಅದೇ ನಮ್ಮದು.

ಅಕ್ಕೋರು ನಮ್ಮನ್ನು ನಾಲ್ಕು ಕಡೆ ಕರೆದುಕೊಂಡು ಹೋದರು. ಸಂಘದ ಕಂಪ್ಯೂಟರಿನಲ್ಲಿ ಮೊದಲ ಎರಡು ತುಣುಕು ಕಪ್ಪಗೇ ಉಳಿದವು, ಮೂರರಿಂದ ಚಿತ್ರ ಬಂತು. ಶಾಲೆಯ ಕಂಪ್ಯೂಟರು ಇನ್ನೂ ಹಳೆಯದು. ಮೂರನೆಯದರಲ್ಲಿ ಆಯಿಯ ಕುಡಗೋಲು ಗಾಳಿಯಲ್ಲೇ ನಿಂತು, ಮಾತು ಮಾತ್ರ ಮುಂದೆ ಹೋಗುತ್ತಿತ್ತು. ಚಿತ್ರದ ಅಳತೆ ಇಳಿಸಿದ್ದ ನಾಲ್ಕು, ಐದು ಸಲೀಸಾಗಿ ಓಡಿದವು. ಗ್ರಂಥಾಲಯದಲ್ಲಿ ಚಿತ್ರ ಚೆನ್ನಾಗಿ ಬಂದು ಆಯಿಯ ದನಿಯೇ ಇಲ್ಲ, ಬರೀ ಹಕ್ಕಿಗಳ ಸದ್ದು! ನಾನು ಕಕ್ಕಾಬಿಕ್ಕಿಯಾದೆ. ಆಪಾ ಬಗ್ಗಿ ಸ್ಪೀಕರುಗಳಿಗೆ ಒಂದೊಂದಾಗಿ ಕಿವಿ ಹಚ್ಚಿದರು. ಎರಡರಲ್ಲಿ ಬಲಗಡೆಯದು ಮಾತ್ರ ಕೆಲಸ ಮಾಡುತ್ತಿತ್ತು. ನಾನು ಆಯಿಯ ಮಾತನ್ನು ಎಡಗಡೆಗೂ ಹೊಲದ ಸದ್ದನ್ನು ಬಲಗಡೆಗೂ ಹಾಕಿ ಬಹಳ ಶಾಣ್ಯಾತನ ಮಾಡಿದ್ದೆ.

ಗ್ರಂಥಪಾಲಕರು ಮುಜುಗರದಿಂದ, "ಸ್ಪೀಕರ್ ಬದಲಾಯಿಸ್ಬೇಕ್ರಿ ಮೇಡಂ" ಎಂದರು.

"ನೀವೇನೂ ಬದಲಿ ಮಾಡಬ್ಯಾಡ್ರಿ ಅಣ್ಣಾ. ನಾವು ಎರಡೂ ಕಡಿಗಿ ದನಿ ಹಾಕ್ತೇವಿ" ಎಂದು ಆಪಾ ಬರೆದುಕೊಂಡರು.

ನಾಲ್ಕನೆಯದು ಅಕ್ಕೋರ ಮನೆಯ ಲ್ಯಾಪ್‌ಟಾಪ್. ಅದರಲ್ಲಿ ಎಲ್ಲ ಓಡಿತು. ಆದರೆ ನಾನು ಕನ್ನಡದಲ್ಲಿ ಪ್ರೀತಿಯಿಂದ ಇಟ್ಟಿದ್ದ ಫೈಲಿನ ಹೆಸರು ಸಾಲಾಗಿ ಚೌಕಗಳಾಗಿ ಕಾಣುತ್ತಿತ್ತು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಗಿಡ್ಡದಾಗಿ ಇಡಬೇಕು, ಕನ್ನಡದ ಹೆಸರು ಚಿತ್ರದ ಒಳಗೇ ಇರಲಿ ಎಂದು ಅದನ್ನೂ ಬರೆದುಕೊಂಡರು.

ಬಿಸಿಲಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುತ್ತ ನಾನು ಅವರನ್ನೇ ನೋಡುತ್ತಿದ್ದೆ. ಯಾವ ಕಂಪ್ಯೂಟರಿನ ಮುಂದೆಯೂ ಅವರು "ಇದು ಹಳೀದಾಯ್ತು" ಎನ್ನಲಿಲ್ಲ. ಹೊಸ ಮನೆಗೆ ಹೋದಾಗ ಮನೆಯವರ ಆರೋಗ್ಯ ಕೇಳುವಂತೆ, ಇದು ಎಷ್ಟು ವರ್ಷದ್ದು, ಕರೆಂಟ್ ಹೋದರೆ ಏನು ಮಾಡುತ್ತೀರಿ, ಯಾರು ಚಾಲೂ ಮಾಡುತ್ತಾರೆ ಎಂದು ಕೇಳುತ್ತಿದ್ದರು. ನಾನು ಕ್ಯಾಮೆರಾದ ಪುಸ್ತಕ ಓದಿ ಕಲಿತದ್ದಕ್ಕಿಂತ ಹೆಚ್ಚು ಆ ಮೂರು ತಾಸಿನಲ್ಲಿ ಕಲಿತೆ.

ಐದನೆಯ ತುಣುಕಿನ ರೀತಿಯಲ್ಲಿ ಇಡೀ ಚಿತ್ರ ಕಟ್ಟಿಕೊಂಡು ಮುಂದಿನ ವಾರ ಮತ್ತೆ ಹೋದೆವು. ಎಲ್ಲರಿಗಿಂತ ಮೊದಲು ಆಯಿಗೆ ತೋರಿಸಬೇಕೆಂದು ಶಾಲೆಯ ಕಂಪ್ಯೂಟರಿನ ಮುಂದೆ ಅವರನ್ನು ಕೂರಿಸಿದೆವು. ಚಿತ್ರ ಬಂತು, ದನಿಯೂ ಬಂತು. ಆಯಿ ತಮ್ಮನ್ನು ತಾವೇ ನೋಡಿ ಸೆರಗು ಸರಿಮಾಡಿಕೊಂಡರು. ಮೂರು ನಿಮಿಷ ಆಗಿರಬೇಕು.

"ನಿಲ್ಲಸು" ಎಂದರು.

ನಿಲ್ಲಿಸಿದೆ.

"ನಾ ಕತ್ತಿ ಕಂದು ಅಂತ ಹೇಳ್ಲಾಕತ್ತೀನಿ. ನೀ ತೋರಸ್ಲಾಕತ್ತಿದ್ದು ನೀರ್ ಕಂದು."

ಪರದೆಯ ಮೇಲೆ ಅಗಲವಾದ ಎಳೆ ಎಲೆ, ಅದರ ಹಿಂದಿನಿಂದ ಬಿಸಿಲು ಬಿದ್ದು ಹೊಳೆಯುತ್ತಿತ್ತು. ನನಗೆ ತಟ್ಟನೆ ನೆನಪಾಯಿತು. ಕತ್ತಿ ಕಂದಿನ ಚಿತ್ರ ಸ್ವಲ್ಪ ಮಸುಕಾಗಿತ್ತು, ಆಯಿ ಇನ್ನೊಮ್ಮೆ ಕೀಳಲು ಒಪ್ಪಿರಲಿಲ್ಲ. ಇದು ಚೆಂದ ಇದೆ, ಎಲೆ ಎಂದರೆ ಎಲೆ, ಯಾರಿಗೆ ಗೊತ್ತಾಗುತ್ತದೆ ಎಂದು ನಾನೇ ಅಲ್ಲಿ ಇದನ್ನು ಕೂರಿಸಿದ್ದೆ.

"ತಪ್ಪು ನಂದೇರಿ ಆಯಿ" ಎಂದೆ.

ಆಯಿ ಬಹಳ ಹೊತ್ತು ಆ ಎಲೆಯನ್ನೇ ನೋಡಿದರು. "ಚಂದ ಅದ ಬಿಡು. ಅದಕ್ಕೇ ಮಂದಿ ಮೋಸ ಹೋಗ್ತಾರ. ಅವತ್ತ ಚಿತ್ರ ಕಾಣ್ಲಿಲ್ಲ, ಚಲೋ ಆಯ್ತು. ಕಂಡಿದ್ರ ನಲವತ್ತು ಮಂದಿ ಹೋಗಿ ಇದನ್ನೇ ಹಚ್ಚತಿದ್ರು. ವರ್ಷದ ಮ್ಯಾಲ ಕಾದು ನೋಡಿ, ಆಯಿ ಸುಳ್ಳು ಹೇಳ್ಯಾಳ ಅಂತಿದ್ರು."

ಆಪಾ ನನ್ನ ಪಕ್ಕದಲ್ಲೇ ನಿಂತಿದ್ದರು. ತಪ್ಪು ಪೂರ್ತಿ ನನ್ನದು. ಅವರಿಗೆ ಬಾಳೆಯ ಕಂದಿನ ಗಂಧವೂ ಇರಲಿಲ್ಲ. ಆದರೂ ಅವರು ಆಯಿಯ ಮುಂದೆ ಕೂತು, "ನಂದೂ ಅದ ತಪ್ಪು" ಎಂದರು. "ಎಲ್ಲಾ ಕಂಪ್ಯೂಟರ್‌ದಾಗ ಕಾಣ್ತದೇನು ಅಂತ ನೋಡ್ದೆ. ಏನ್ ಕಾಣ್ತದ ಅಂತ ನೋಡ್ಲಿಲ್ಲ. ನಿಮಗೇ ಮದ್ಲು ತೋರಸ್ಬೇಕಿತ್ತು."

ಆಯಿ ಅವರ ಕೈ ಹಿಡಿದುಕೊಂಡರು. "ಈಗ ತೋರ್ಸಿರಲ್ಲ."

ಅಂದಿನಿಂದ ನಮ್ಮ ಕೆಲಸಕ್ಕೆ ಇನ್ನೊಂದು ಪದ್ಧತಿ ಸೇರಿತು. ಯಾವ ವಿಷಯದ ವಿಡಿಯೊ ಇದ್ದರೂ ಆ ವಿಷಯ ಬಲ್ಲ ಒಬ್ಬರು ನೋಡಿ ಹೌದು ಎನ್ನುವ ತನಕ ಫೈಲ್ ಮನೆ ಬಿಡುವುದಿಲ್ಲ. ಮದುವೆಯ ವಿಡಿಯೊದಲ್ಲಿ ಕೂಡ, ಮನೆಯ ಹಿರಿಯ ಹೆಂಗಸೊಬ್ಬರನ್ನು ಕರೆಸಿ ತೋರಿಸುತ್ತೇವೆ. ಚಿಕ್ಕಮ್ಮನ ಹೆಸರಿನ ಕೆಳಗೆ ಅತ್ತೆಯ ಮುಖ ಬಂದದ್ದು ಒಮ್ಮೆ ಹೀಗೇ ಸಿಕ್ಕಿಬಿತ್ತು.

ಆಯಿ ತಪ್ಪು ತೋರಿಸಿಕೊಟ್ಟ ಮರುದಿನವೇ ನಾನು ಕ್ಯಾಮೆರಾ ತೆಗೆದುಕೊಂಡು ಆಯಿಯ ಹೊಲಕ್ಕೆ ಹೋದೆ. ಈ ಸಲ ಅವರು ಕಂದು ಕೀಳುವ ಮೊದಲು ತಿರುಗಿ ನೋಡಿ, "ತಯಾರ್ ಅದೀಯೇನು?" ಎಂದು ಕೇಳಿದರು. ಕತ್ತಿ ಕಂದು ಚೂಪಾಗಿ, ಒರಟಾಗಿ, ಮಣ್ಣು ಮೆತ್ತಿಕೊಂಡು ಪರದೆ ತುಂಬ ಬಂತು.

ಸಂಘದವರು ಮತ್ತೆ ಸಭೆ ಕರೆದರು. ಮೊದಲಿಗಿಂತ ಹೆಚ್ಚು ಹೆಂಗಸರು ಬಂದಿದ್ದರು. ಚಿತ್ರಕ್ಕಿಂತ ಆಯಿ ಮತ್ತೆ ಸ್ಪೀಕರಿಗೆ ಬೈಯುವುದನ್ನು ನೋಡುವ ಆಸೆ ಇತ್ತೇನೋ. ಅಕ್ಕೋರು ಒಂದೇ ಸಲ ಒತ್ತಿದರು, ಓಡಿತು. ನಾನು ಮುಂದೆ ನಿಂತು ಪರದೆ ನೋಡುತ್ತಿದ್ದವಳು ಮಧ್ಯದಲ್ಲಿ ಹಿಂತಿರುಗಿ ಆಪಾರನ್ನು ಹುಡುಕಿದೆ. ಅವರು ಗೋಡೆಗೆ ಒರಗಿ ಒಂದು ಪಕ್ಕ ನಿಂತಿದ್ದರು. ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ಕೂತ ಹೆಂಗಸರ ಮುಖಗಳನ್ನು, ಒಂದು ಸಾಲು ಆದ ಮೇಲೆ ಇನ್ನೊಂದು ಸಾಲು, ನೋಡುತ್ತಿದ್ದರು. ಬೇರು ಸವರುವಲ್ಲಿ ಒಬ್ಬಳ ಕೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಸವರಿತು. ಆಪಾರ ತುಟಿಗಳು ಅರಳಿದವು.

ವಾಪಸ್ ಬರುವಾಗ ಬಸ್ಸಿನಲ್ಲಿ ಆಪಾ ಕಿಟಕಿ ಪಕ್ಕ ಕೂತರು. ಆಮೇಲೆ ಹೇಳಿದರು.

"ಇಷ್ಟು ವರ್ಷ ಮಂದಿಗಿ ಕೊಟ್ಟೀನಿ. ಅವರು ಮನಿಗಿ ಒಯ್ದು ಬಾಗ್ಲ ಹಾಕೊಂಡು ನೋಡ್ತಾರ. ಫೋನ್ ಬರಲಿಲ್ಲಂದ್ರ ಚಂದ ಓಡ್ತು ಅಂತ ತಿಳ್ಕೋತಿದ್ದೆ. ನೋಡೋರ ಮಾರಿ ನಾ ಒಂದಿನಾನೂ ನೋಡಿದ್ದಿಲ್ಲ. ಇವತ್ತ ನೋಡ್ದೆ."

"ಹ್ಯಾಂಗಿತ್ರಿ?" ಎಂದೆ.

"ಇನ್ನೊಮ್ಮಿ ಹೋಗೋಣು" ಎಂದರು ಆಪಾ.

ಹೋದೆವು. ಬೇರೆ ಊರಿನ ಗ್ರಂಥಾಲಯಕ್ಕೆ, ಆಮೇಲೆ ಇನ್ನೊಂದು ಊರಿನ ಶಾಲೆಗೆ. ಚಿತ್ರ ಎಲ್ಲ ಕಡೆ ಓಡುತ್ತಿತ್ತು, ನಮ್ಮ ಕೆಲಸ ಅಲ್ಲಿ ಏನೂ ಇರಲಿಲ್ಲ. ಆಪಾ ಗೋಡೆ ಪಕ್ಕ ಒಂದು ಜಾಗ ನೋಡಿಕೊಂಡು ನಿಲ್ಲುತ್ತಿದ್ದರು, ನಾನು ಅವರ ಪಕ್ಕದಲ್ಲಿ ನಿಲ್ಲುತ್ತಿದ್ದೆ.